ನೂರು ರಾತ್ರಿ, ಅರವತ್ತು ದಿನ

ಸುವಾ,
ಮಾರ್ಚ್ ೯, ಭಾನುವಾರ

ಪ್ರೀತಿಯ ಉನೈಸಿ ಅಕ್ಕನಿಗೆ,

ನಾನು ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆ ಎಂದು ಶುರುಮಾಡಿದ ಹಾಳೆಯನ್ನು ಈಗಷ್ಟೇ ಹರಿದು ಹಾಕಿದೆ. ನಾನು ಕ್ಷೇಮವಾಗಿಲ್ಲ. ನೀನು ಹೇಗಿದ್ದೀಯೆಂದು ಕೇಳುವ ಮುಖವೂ ನನಗಿಲ್ಲ. ಆ ಸಾಲನ್ನು ಈ ಸಲ ಬಿಟ್ಟುಬಿಡೋಣ.

ಮಂಗಳವಾರದ ಹಡಗಿನಲ್ಲಿ ಪಾದ್ರಿಯವರ ಹೆಂಡತಿ ನಿಮ್ಮ ಕಡಾವು ದ್ವೀಪಕ್ಕೆ ವಾಪಸು ಬರುತ್ತಿದ್ದಾಳೆ. ಅವಳ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಫೋನ್ ಮಾಡಬಾರದಾಗಿತ್ತೇ ಎಂದು ನೀನು ಗೊಣಗುತ್ತೀಯ. ಫೋನಿಗೆ ನೀನು ಗುಡ್ಡ ಹತ್ತಬೇಕು, ಹತ್ತಿದರೆ ಅಲ್ಲಿ ಆಗಲೇ ನಾಲ್ಕು ಜನ ಸಿಗ್ನಲ್ ಹುಡುಕುತ್ತ ನಿಂತಿರುತ್ತಾರೆ, ಗಾಳಿಗೆ ನೀನು ಕೂಗಿ ಕೂಗಿ ಮಾತಾಡಿದ್ದು ಕೊಲ್ಲಿಯ ಆಚೆಗೂ ಕೇಳುತ್ತದೆ. ಇದು ಕೂಗುವ ವಿಷಯವಲ್ಲ. ಕನ್ನಡಕ ಹಾಕಿಕೊಂಡು ನೀನೇ ಓದು, ಮೈದುನನ ಕೈಯಲ್ಲಿ ಓದಿಸಬೇಡ. ಅವನು ಬೈಬಲನ್ನೇ ತನಗೆ ಬೇಕಾದಂತೆ ಓದುವವನು.

ಮೊದಲು ಕೇಸಿನ ವಿಷಯ. ಕಿತಿಯೋನೆಯ ಕೇಸು ಏಪ್ರಿಲ್ ಹದಿನಾಲ್ಕರಂದು ಹೈಕೋರ್ಟಿನಲ್ಲಿ ಬರುತ್ತದೆ. ಆ ದಿನ ನ್ಯಾಯಾಧೀಶರು ನಿನ್ನ ಮಗನನ್ನು ಯಾರು ಹೊಡೆದರು, ಯಾಕೆ ಹೊಡೆದರು ಎಂದು ಕೇಳುವುದಿಲ್ಲ. ಕೇಳುವುದು ಒಂದೇ ಪ್ರಶ್ನೆ: ಇಷ್ಟು ತಡವಾಗಿ ಯಾಕೆ ಬಂದಿರಿ? ಒಪ್ಪುವಂಥ ಉತ್ತರ ಸಿಕ್ಕರೆ ಕೇಸು ಒಳಗೆ ಹೋಗುತ್ತದೆ. ಸಿಗದಿದ್ದರೆ ಕಡತಕ್ಕೆ ದಾರ ಕಟ್ಟಿ ಎತ್ತಿಡುತ್ತಾರೆ, ಅವನು ಹೇಗೆ ಸತ್ತನೆಂದು ಯಾವ ಕೋರ್ಟೂ ಯಾರನ್ನೂ ಕೇಳುವುದಿಲ್ಲ.

ಇದನ್ನೆಲ್ಲ ಅಕ್ಟೋಬರ್ ಕೊನೆಯಲ್ಲೇ ನಿನಗೆ ಹೇಳಿದ್ದೆ, ಆದರೆ ಆವತ್ತು ನಿನ್ನ ಕಿವಿಗೆ ಏನೂ ಇಳಿದಿರಲಾರದು. ಇನ್ನೊಮ್ಮೆ ಬರೆಯುತ್ತೇನೆ. ಯಾರನ್ನೂ ಹಿಂಸಿಸಕೂಡದು ಎಂದು ನಮ್ಮ ಸಂವಿಧಾನದ ಹನ್ನೊಂದನೆಯ ಕಲಮು ಹೇಳುತ್ತದೆ. ಪೊಲೀಸರ ವಶದಲ್ಲಿದ್ದವನಿಗೆ ಹಾಗೆ ಆದರೆ ನೇರವಾಗಿ ಹೈಕೋರ್ಟಿಗೆ ಹೋಗಬಹುದು. ಆದರೆ ಅರವತ್ತು ದಿನದೊಳಗೆ ಹೋಗಬೇಕು. ಆಮೇಲೆ ಹೋದರೆ ವಿಶೇಷ ಕಾರಣ ಬೇಕು. ಇದಕ್ಕೂ ಮೇಲೆ ಜಿನೀವಾದಲ್ಲಿ ಒಂದು ಸಮಿತಿ ಇದೆ, ಚಿತ್ರಹಿಂಸೆಯ ವಿರುದ್ಧದ ಒಪ್ಪಂದವನ್ನು ಕಾಯುವ ಸಮಿತಿ. ನಮ್ಮ ದೇಶ ಆ ಒಪ್ಪಂದಕ್ಕೆ ಸೇರಿದೆ. ಆದರೆ ಒಬ್ಬ ತಾಯಿ ನೇರವಾಗಿ ದೂರು ಬರೆದು ಕಳಿಸುವುದಕ್ಕೆ ಬಾಗಿಲು ತೆರೆಯುವ ಕಾಗದಕ್ಕೆ ನಾವು ಇನ್ನೂ ಸಹಿ ಹಾಕಿಲ್ಲ. ಜನರ ಹಕ್ಕುಗಳ ಕೆಲಸ ಮಾಡುವ ನಮ್ಮಂಥ ಆಫೀಸಿನವರು ವರದಿ ಬರೆಯಬಹುದು, ಅದರಲ್ಲಿ ನಿನ್ನ ಮಗ ಒಂದು ಪ್ಯಾರಾ ಆಗುತ್ತಾನೆ, ಅಷ್ಟೆ. ಇಪ್ಪತ್ತೆರಡು ವರ್ಷದಲ್ಲಿ ಅಂಥ ಎಷ್ಟು ಪ್ಯಾರಾಗಳನ್ನು ಟೈಪ್ ಮಾಡಿದ್ದೇನೋ ಲೆಕ್ಕವಿಲ್ಲ. ಒಂದು ಸಲ ನನ್ನನ್ನೂ ಅಲ್ಲಿಗೆ ಕರೆದೊಯ್ದಿದ್ದರಲ್ಲ, ಚರ್ಚಿನವರು ಕೊಟ್ಟ ಕೋಟು ತೊಟ್ಟು ಹೋಗಿದ್ದೆ. ನಾನು ಕೊಟ್ಟ ಕಾಗದಗಳನ್ನು ಒಬ್ಬ ಹೆಂಗಸು ಎರಡು ಕೈಯಲ್ಲಿ ತೆಗೆದುಕೊಂಡು 'ಗಮನಕ್ಕೆ ತೆಗೆದುಕೊಳ್ಳುತ್ತೇವೆ' ಎಂದಳು. ಒಳ್ಳೆಯವಳೇ ಪಾಪ. ವಾಪಸು ಬಂದ ಮೇಲೆ ನನಗೆ ಮೂರು ವಾರ ಕೆಮ್ಮು.

ದಣಿದಿದ್ದೇನೆ ಅಕ್ಕಾ. ಕೆಲಸದಿಂದಲ್ಲ.

ಅರವತ್ತು ದಿನ ಹೇಗೆ ಕಳೆದುಹೋಯಿತೆಂದು ಊರಿನವರೆಲ್ಲ ಒಂದು ಕಥೆ ಹೇಳುತ್ತಾರೆ. ನಾನೂ ಅದನ್ನೇ ಹೇಳುತ್ತ ಬಂದೆ. ನಿನಗೆ ನೂರು ರಾತ್ರಿಯ ಸೂತಕವಿತ್ತು, ಅದು ಮುಗಿಯುವಷ್ಟರಲ್ಲಿ ಕೋರ್ಟಿನ ಗಡುವು ಮುಗಿದಿತ್ತು ಎಂದು. ಆ ನೂರು ರಾತ್ರಿ ಬೇರೆಯವರು ಯಂಗೋನ ಬೇರಿನ ಅಮಲು ರಸ ಕುಡಿಯುವುದನ್ನು ಬಿಟ್ಟರು, ಕೂದಲು ಕತ್ತರಿಸುವುದನ್ನು ಬಿಟ್ಟರು, ನಿನ್ನ ಮೈದುನ ಸಿಗರೇಟು ಬಿಟ್ಟೆನೆಂದು ಸಾರಿ ಹೇಳಿ ಚರ್ಚಿನ ಹಿಂದೆ ನಿಂತು ಸೇದಿದ. ನೀನು ಬಿಟ್ಟದ್ದು ದೋಣಿ. ಮಗನನ್ನು ಕೊನೆಯ ಸಲ ದೋಣಿಯಲ್ಲಿ ತಂದರು, ನೂರು ರಾತ್ರಿ ಮುಗಿಯುವ ತನಕ ನಾನು ದೋಣಿಗೆ ಕಾಲಿಡುವುದಿಲ್ಲ ಎಂದೆ. ದ್ವೀಪದಲ್ಲಿ ದೋಣಿ ಬಿಟ್ಟವಳು ಎಲ್ಲಿಗೆ ತಾನೆ ಹೋದಾಳು? ಯಾವ ಕಾಗದಕ್ಕೆ ಸಹಿ ಹಾಕಲು ಬಂದಾಳು? ಕೇಳಿದವರೆಲ್ಲ ಅಯ್ಯೋ ಪಾಪ ಎನ್ನುತ್ತಾರೆ. ಹೊಸದಾಗಿ ಬಂದಿರುವ ವಕೀಲೆ ವಿನೀತಾ ಗೌಂಡರ್ ಕೂಡ ಹಾಗೇ ಅಂದಳು. ಅಂದು ಸುಮ್ಮನೆ ಕೂರಲಿಲ್ಲ, ಅದರ ಮೇಲೆ ಒಂದು ಚೆಂದದ ವಾದ ಕಟ್ಟಿದಳು. ಸಂವಿಧಾನ ನಮ್ಮ ಪದ್ಧತಿಗಳನ್ನು ಗೌರವಿಸುತ್ತದೆ, ಹಾಗಾದರೆ ನೂರು ರಾತ್ರಿಯ ಸೂತಕವೂ ವಿಶೇಷ ಕಾರಣವೇ ಎಂದು. ನಾನು ಅದನ್ನು ಟೈಪ್ ಮಾಡಿದೆ. ಒಂದು ತಪ್ಪೂ ಬೀಳಲಿಲ್ಲ.

ನೂರನೆಯ ರಾತ್ರಿಯ ಊಟದ ದಿನ ನಡೆದದ್ದನ್ನು ನೀನು ಮರೆತಿರಲಾರೆ. ಕಿತಿಯೋನೆಯನ್ನು ಕರೆದೊಯ್ದ ಆ ಪೊಲೀಸ್ ಕಾರ್ಪೋರಲ್ ಸಾಕಿಯುಸನ ಕಡೆಯ ಹಿರಿಯರು ಕ್ಷಮೆಯ ಕಾಣಿಕೆಯಾಗಿ ತಿಮಿಂಗಿಲದ ಹಲ್ಲು ಹಿಡಿದುಕೊಂಡು ಬಂದು, ತಲೆ ತಗ್ಗಿಸಿ ಚಾಪೆಯ ಅಂಚಿನಲ್ಲಿ ಕೂತರು. ತಗೊಂಡುಬಿಡು ಎಂದು ನಮ್ಮ ಹಿರಿಯರೆಲ್ಲ ಕಣ್ಣಲ್ಲೇ ಹೇಳಿದರು. ಅದನ್ನು ತೆಗೆದುಕೊಂಡರೆ ದ್ವೇಷ ಮಣ್ಣಾಯಿತು, ಮಾತು ಮುಗಿಯಿತು. ಎಷ್ಟೋ ತಾಯಂದಿರು ತೆಗೆದುಕೊಂಡು, ಅಷ್ಟರಮಟ್ಟಿಗೆ ನೆಮ್ಮದಿಯಾಗಿ ಇದ್ದಾರೆ. ನೀನು ಕೈ ಚಾಚಲಿಲ್ಲ.

"ನನ್ನ ತಂಗಿ ಕಾಯ್ದೆ ತಿಳಿದೋಳು. ಇದನ್ನ ತಗೊಂಡ್ರೆ ಅವಳ ಬಾಯಿ ಕಟ್ಟಿದ ಹಾಗಾಗುತ್ತೆ. ನಾನು ಕೋರ್ಟಲ್ಲೇ ಕೇಳ್ತೀನಿ. ಎತ್ಕೊಂಡು ಹೋಗಿ" ಎಂದೆ.

ಅಂಥದ್ದನ್ನು ನಮ್ಮ ಊರು ಕಂಡಿರಲಿಲ್ಲ. ಅಂದಿನಿಂದ ಚರ್ಚಿನಲ್ಲಿ ನಿನ್ನ ಪಕ್ಕ ಯಾರೂ ಕೂರುವುದಿಲ್ಲವೆಂದೂ, ಬಲೆ ಎಳೆದ ದಿನ ಮೀನಿನ ಪಾಲು ನಿನ್ನ ಮನೆಗೆ ಕೊನೆಗೆ ಬರುತ್ತದೆಂದೂ ಪಾದ್ರಿಯ ಹೆಂಡತಿ ಹೇಳಿದಳು. ನೀನು ಹೇಳಲಿಲ್ಲ. ನೀನು ಹೇಳುವವಳಲ್ಲ.

ಆ ದಿನ ನಾನು ಹೆಂಗಸರ ಸಾಲಿನಲ್ಲಿ, ನಿನ್ನ ಬೆನ್ನ ಹಿಂದೆಯೇ ಕೂತಿದ್ದೆ. ಕೋರ್ಟಿನ ಅರವತ್ತು ದಿನ ಮುಗಿದು ಆಗಲೇ ತಿಂಗಳು ದಾಟಿತ್ತು. ಅದು ನನಗೆ ಗೊತ್ತಿತ್ತು. ನಿನ್ನ ಅಂಗಿಯಂಚು ಹಿಡಿದು 'ಅಕ್ಕಾ, ತಗೋ, ಕೋರ್ಟಿನ ಬಾಗಿಲು ಮುಚ್ಚಿಹೋಯ್ತು' ಎಂದು ಪಿಸುಗುಟ್ಟಿದ್ದರೂ ಸಾಕಿತ್ತು. ಹಿರಿಯರು ಹಲ್ಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ದೋಣಿಯ ಕಡೆ ಹೋಗುವುದನ್ನು ನಿನ್ನ ಜೊತೆ ನಿಂತು ನೋಡಿದೆ. ನನ್ನನ್ನು ನಂಬಿ ನೀನು ಒಂದು ನ್ಯಾಯ ಬಿಟ್ಟೆ. ಇನ್ನೊಂದು ನ್ಯಾಯವನ್ನು ನಾನು ಆಗಲೇ ಕಳೆದಾಗಿತ್ತು.

ಆ ವಾರವೇ ನೀನು ಎರಡು ಚಾಪೆ ಕಂಕುಳಲ್ಲಿ ಇರುಕಿಕೊಂಡು ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದೆ. "ಈಗ ಹೇಳು ಸೇನಿ, ಎಲ್ಲಿ ಸಹಿ ಹಾಕ್ಲಿ?" ಎಂದು ಕೇಳಿದೆ.

"ಅರವತ್ತು ದಿನ ಆಗೋಯ್ತು ಅಕ್ಕಾ."

"ಯಾವ ಅರವತ್ತು?"

"ಕೋರ್ಟಿಂದು."

"ಅರವತ್ತು ದಿನಕ್ಕೆ ಯಾವ ತಾಯಿಗೆ ಮುಗಿಯುತ್ತೆ ಹೇಳು?"

ನೀನು ದುಃಖದಲ್ಲಿದ್ದೆ, ಹೇಳಲಾಗಲಿಲ್ಲ ಎಂದೆ ನಾನು. ನೀನು ನನ್ನ ತಲೆ ಸವರಿ, "ನಿನ್ ತಪ್ಪೇನಿದೆ ಬಿಡು, ನಾನೇ ಹಠ ಮಾಡಿ ಕೂತೆ" ಎಂದೆ. ಮಗನನ್ನು ಕಳೆದುಕೊಂಡವಳು ನನ್ನನ್ನು ಸಮಾಧಾನ ಮಾಡಿದೆ. ಆ ಮೇಲೆ ನಾನು ಕನ್ನಡಿಯಲ್ಲಿ ಮುಖ ನೋಡಿಕೊಂಡದ್ದು ಕಡಿಮೆ.

ಈಗ ಕೇಳು. ನಿನ್ನ ಹಠ ಕಾರಣವಲ್ಲ, ನಿನ್ನ ನೂರು ರಾತ್ರಿಯೂ ಕಾರಣವಲ್ಲ. ನೀನು ದೋಣಿ ಹತ್ತಬೇಕಾಗಿಯೇ ಇರಲಿಲ್ಲ. ನೊಂದವರ ಪರವಾಗಿ ಬೇರೆಯವರು ಅರ್ಜಿ ಹಾಕಬಹುದು ಎಂದು ಆ ನಿಯಮದಲ್ಲೇ ಇದೆ. ನಮ್ಮ ಹಳೆಯ ವಕೀಲರು ಕೆಲಸ ಬಿಟ್ಟು ನ್ಯೂಜಿಲೆಂಡಿಗೆ ಹೋದದ್ದು, ಆಫೀಸಿನಲ್ಲಿ ಆ ತಿಂಗಳುಗಳಲ್ಲಿ ನಾನೊಬ್ಬಳೇ ಇದ್ದದ್ದು ನಿಜ. ಆದರೆ ಆ ಅರ್ಜಿಯನ್ನು ನಾನು ಕಣ್ಣು ಮುಚ್ಚಿ ಬರೆಯಬಲ್ಲೆ. ಊರಿನವರಿಗೆಲ್ಲ ಬರೆದುಕೊಟ್ಟವಳು. ಚಿಕ್ಕಮ್ಮನಾಗಿ ನನ್ನ ಹೆಸರಿನಲ್ಲೇ ಹಾಕಬಹುದಿತ್ತು.

ಹಾಕಿದ್ದರೆ, ಆ ಬೆಳಿಗ್ಗೆ ಏನಾಯಿತೆಂದು ಪ್ರಮಾಣ ಮಾಡಿ ಬರೆಯಬೇಕಿತ್ತು. ಅದಕ್ಕೇ ಹಾಕಲಿಲ್ಲ.

ಅರವತ್ತನೆಯ ದಿನ ನನಗೆ ಚೆನ್ನಾಗಿ ನೆನಪಿದೆ. ನೌಸೋರಿಯ ಸಮುದಾಯ ಭವನದಲ್ಲಿ ಮೂವತ್ತು ಹೆಂಗಸರಿಗೆ ಪಾಠ ಮಾಡುತ್ತಿದ್ದೆ. ನಿಮ್ಮ ಹಕ್ಕುಗಳು, ಕೋರ್ಟಿಗೆ ಹೋಗುವ ದಾರಿ, ಗಡುವು. ಕಪ್ಪುಹಲಗೆಯ ಮೇಲೆ ಅರವತ್ತು ಎಂದು ದೊಡ್ಡದಾಗಿ ಬರೆದು ಸುತ್ತ ಗೆರೆ ಎಳೆದೆ. ಮುಂದಿನ ಸಾಲಿನ ಮುದುಕಿಯೊಬ್ಬಳು ಕೈ ಎತ್ತಿ, "ನಮ್ಗೆ ಮರ್ತು ಹೋದ್ರೆ ಏನವ್ವಾ ಗತಿ?" ಎಂದು ಕೇಳಿದಳು. "ನಮ್ಮಂಥೋರು ಇರೋದು ಮತ್ಯಾಕಜ್ಜಿ? ನಾವು ನೆನಪಿಟ್ಕೊಳ್ತೀವಿ" ಎಂದೆ. ಎಲ್ಲರೂ ನಕ್ಕರು, ಚಪ್ಪಾಳೆ ತಟ್ಟಿದರು. ಆಮೇಲೆ ಕೆಸವಿನ ಸೊಪ್ಪು, ಮೀನಿನ ಊಟ ಹಾಕಿದರು. ಉಂಡೆ ಅಕ್ಕಾ. ಬಸ್ಸಿನಲ್ಲಿ ಬರುವಾಗ ಕೋರ್ಟಿನ ಆಫೀಸು ಮುಚ್ಚುವ ಹೊತ್ತಾಯಿತೇ ಎಂದು ಎರಡು ಸಲ ಗಡಿಯಾರ ನೋಡಿಕೊಂಡೆ. ಮುಚ್ಚಿತು ಎಂದು ಗೊತ್ತಾದ ಮೇಲೆ ಒಂಥರಾ ಹಗುರವಾಯಿತು.

ಸುಳ್ಳು ಶುರುವಾದದ್ದು ಎಲ್ಲಿ ಎಂದರೆ ನಿಮ್ಮ ಊರಿನ ದೋಣಿಕಟ್ಟೆಯ ಮೇಲೆ. ಶವಪೆಟ್ಟಿಗೆ ಇಳಿಸುತ್ತಿದ್ದರು. ನೀನು ಅಳುತ್ತಿರಲಿಲ್ಲ. ನನ್ನ ಎರಡೂ ಭುಜ ಹಿಡಿದು, "ಅವರು ಬಂದಾಗ ನೀನು ಎಲ್ಲಿದ್ದೆ?" ಎಂದು ಕೇಳಿದೆ. "ಮಾರ್ಕೆಟ್ಟಲ್ಲಿದ್ದೆ" ಎಂದುಬಿಟ್ಟೆ. ಯೋಚನೆ ಮಾಡಿ ಹೇಳಿದ್ದಲ್ಲ, ನಾಲಿಗೆ ತಾನೇ ಹುಡುಕಿಕೊಂಡ ಮಾತು. ಆಮೇಲೆ ಪೊಲೀಸಿನ ಮೇಲಧಿಕಾರಿ ಬಂದು ಕೇಳಿದಾಗಲೂ ಮಾರ್ಕೆಟ್ಟು, ವಿನೀತಾ ಬಂದು ಕಡತ ತೆರೆದಾಗಲೂ ಮಾರ್ಕೆಟ್ಟು. ಹೇಳುತ್ತ ಹೇಳುತ್ತ ಆ ದಿನ ನಾನು ಕೊಂಡ ಬದನೆಕಾಯಿ ಕೂಡ ನನ್ನ ಕಣ್ಣಿಗೆ ಕಾಣುವಂತಾಯಿತು.

ನಾನು ಮನೆಯಲ್ಲಿದ್ದೆ ಅಕ್ಕಾ.

ಜುಲೈ ಎಂಟು, ಸೋಮವಾರ. ಕಿತಿಯೋನೆ ಹಿಂದಿನ ದಿನ ಹಡಗಿನಿಂದ ಯಂಗೋನ ಬೇರಿನ ಮೂಟೆ ಇಳಿಸಿ ನಮ್ಮ ಮನೆಗೆ ಬಂದಿದ್ದ. ಬೆಳಿಗ್ಗೆ ಒಳಗಿನ ನಲ್ಲಿಯಲ್ಲಿ ನೀರಿರಲಿಲ್ಲವೆಂದು ಅಂಗಳದ ನಲ್ಲಿಯ ಕೆಳಗೆ ಸ್ನಾನಕ್ಕೆ ಕೂತ. "ಚಿಕ್ಕಮ್ಮಾ, ಬೆನ್ನಿಗೆ ಕೈ ಎಟುಕ್ತಿಲ್ಲ" ಎಂದು ಕೂಗಿದ. ಇಪ್ಪತ್ತೇಳು ವರ್ಷದ ಗಂಡಸಿಗೆ ಬೆನ್ನು ತಿಕ್ಕಬೇಕಂತೆ ಎಂದು ಬೈಯುತ್ತಲೇ ಹೋಗಿ ಸೋಪು ಹಾಕಿ ತಿಕ್ಕಿದೆ. ಎಡ ಹೆಗಲ ಮೂಳೆಯ ಕೆಳಗೆ, ಚಿಕ್ಕವನಾಗಿದ್ದಾಗ ಹವಳದ ಬಂಡೆ ಕೊಯ್ದ ಆ ಹಳೆಯ ಗಾಯದ ಗುರುತು. ಅದೊಂದು ಬಿಟ್ಟರೆ ಒಂದು ಗೀರೂ ಇರಲಿಲ್ಲ. ನೆಟ್ಟಗೆ ಎದ್ದು ನಿಂತ, ನೆಟ್ಟಗೆ ನಡೆದ, ನನ್ನ ಮೇಲೆ ನೀರು ಚಿಮುಕಿಸಿ ನಕ್ಕ.

ಆಗ ಸಾಕಿಯುಸ ಬಂದ. ಜೊತೆಗೆ ಇನ್ನಿಬ್ಬರು, ಅವರು ಗೇಟಿನ ಬಳಿ ಜೀಪಿನಲ್ಲೇ ಉಳಿದರು. ಸಾಕಿಯುಸ ನಮ್ಮ ಯಜಮಾನರ ಊರಿನವನು, ಅವರು ತೀರಿಕೊಂಡಾಗ ಹೆಣ ಹೊತ್ತವರಲ್ಲಿ ಒಬ್ಬ. ಬೂಟು ಬಿಚ್ಚಿಟ್ಟು ಒಳಗೆ ಬಂದ. ಚಾಪೆಯ ಮೇಲೆ ಕಾಲು ಮಡಚಿ ಕೂತು, ಪದ್ಧತಿಯಂತೆ ಅಂಗೈ ಕುಳಿ ಮಾಡಿ ಮೂರು ಸಲ ಚಪ್ಪಾಳೆ ತಟ್ಟಿದ.

"ಅತ್ತಿಗೆ, ನಿಮ್ಮ ಹತ್ರ ಒಂದು ಕೇಳ್ಕೊಳ್ಳೋಣ ಅಂತ ಬಂದೆ. ಬಂದರಿನಲ್ಲಿ ಒಂದು ದೋಣಿ ಎಂಜಿನ್ ಕಳುವಾಗಿದೆ. ನಿನ್ನೆ ಅಲ್ಲಿದ್ದೋರನ್ನೆಲ್ಲ ಕೇಳ್ತಾ ಇದೀವಿ. ಕಿತಿಯೋನೇನ ಒಂದು ಗಂಟೆ ಕೊಡಿ, ಎರಡು ಮಾತು ಕೇಳಿ ಕಳಿಸ್ತೀನಿ" ಎಂದ.

ಕೊಡಿ ಎಂದ. ನೆಂಟ ಬಂದು ಕೂತು, ತಲೆ ಬಾಗಿಸಿ ಕೇಳಿದರೆ ಇಲ್ಲವೆನ್ನುವುದು ನಿನಗಾಗಲಿ ನನಗಾಗಲಿ ಬರುತ್ತದೆಯೇ? ಚಾಪೆ ಕೇಳಿದರೆ ಚಾಪೆ ಕೊಟ್ಟಿದ್ದೇವೆ, ಹಂದಿ ಕೇಳಿದರೆ ಹಂದಿ. ಸಕ್ಕರೆ ಡಬ್ಬವನ್ನೇ ಕೊಟ್ಟು ಬರಿಯ ಚಹಾ ಕುಡಿದಿದ್ದೇವೆ. ಅವನು ಅದೇ ದನಿಯಲ್ಲಿ, ಅದೇ ಕೂರುವ ರೀತಿಯಲ್ಲಿ ನಿನ್ನ ಮಗನನ್ನು ಕೇಳಿದ. ನನ್ನ ಕೈಚೀಲ ಗೋಡೆಗೆ ತೂಗುತ್ತಿತ್ತು. ಅದರೊಳಗೆ ನಾವು ಹಂಚುವ ಹಳದಿ ಚೀಟಿಗಳ ಕಟ್ಟು. 'ಪೊಲೀಸರು ಮನೆಗೆ ಬಂದಾಗ' ಎಂದು ತಲೆಬರಹ. ಬಂಧಿಸದೆ ನಿಮ್ಮನ್ನು ಠಾಣೆಗೆ ಬರಲೇಬೇಕೆಂದು ಹೇಳುವಂತಿಲ್ಲ, ಬಂಧಿಸಿದರೆ ಕಾರಣ ಹೇಳಬೇಕು, ವಕೀಲರನ್ನು ಕೇಳಬಹುದು. ಅದನ್ನು ಇಂಗ್ಲಿಷಿನಿಂದ ನಮ್ಮ ಮಾತಿಗೆ ಇಳಿಸಿದವಳೇ ನಾನು. ಬೇರೆ ಯಾವ ಪೊಲೀಸು ಬಂದಿದ್ದರೂ ಆ ಚೀಟಿ ಅವನ ಮೂಗಿಗೆ ಹಿಡಿಯುತ್ತಿದ್ದೆ. ಇವನು ಬೂಟು ಬಿಚ್ಚಿ ಬಂದಿದ್ದ. ಗಂಡನ ಕಡೆಯವನನ್ನು, ಅತ್ತಿಗೆ ಎನ್ನುವವನನ್ನು, 'ನಿನ್ನ ಹತ್ತಿರ ಕಾಗದ ಇದೆಯೇನಯ್ಯ' ಎಂದು ಕೇಳುವುದು ಹೇಗೆ? ನನಗೆ ನಾಚಿಕೆಯಾಯಿತು ಅಕ್ಕಾ. ನಾಚಿಕೆಗೆ ನಾನು ಅವನನ್ನು ಕೊಟ್ಟೆ.

ಸಾಕಿಯುಸನಿಗೆ ಚಹಾ ಕೊಟ್ಟೆ, ಬೇಯಿಸಿದ ಮರಗೆಣಸು ಕೊಟ್ಟೆ. ತಿಂದು, ಚೆನ್ನಾಗಿದೆ ಎಂದ. ಕಿತಿಯೋನೆ ಒದ್ದೆ ತಲೆಯಲ್ಲೇ ಅಂಗಿ ತೊಟ್ಟುಕೊಂಡು ಹೊರಟ. ಗುರುವಾರ ಆಸ್ಪತ್ರೆಯಿಂದ ಫೋನು ಬಂತು, ಶುಕ್ರವಾರ ಮುಗಿಯಿತು. ಸಾಕಿಯುಸ ಕೈ ಎತ್ತಿದನೋ ಇಲ್ಲವೋ ನನಗೆ ಗೊತ್ತಿಲ್ಲ. ಅದನ್ನು ಕೋರ್ಟು ಹೇಳಬೇಕು. ಅದಕ್ಕಾಗಿಯೇ ಕೋರ್ಟು ಬೇಕು.

ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ, ಫೆಬ್ರವರಿಯಲ್ಲಿ ಸರ್ಕಾರದ ಕಡೆಯಿಂದ ಉತ್ತರ ಬಂತು. ಭಾನುವಾರ ಬಂದರಿನಲ್ಲಿ ಮೂಟೆ ಬಿದ್ದು ಅವನ ಬೆನ್ನಿಗೆ ಪೆಟ್ಟಾಗಿತ್ತಂತೆ, ಠಾಣೆಗೆ ಬರುವಾಗಲೇ ಕುಂಟುತ್ತಿದ್ದನಂತೆ. ನಿನಗಾಗಿ ಅದನ್ನು ನಮ್ಮ ಭಾಷೆಗೆ ಇಳಿಸುವ ಕೆಲಸ ನನ್ನದೇ. 'ಕುಂಟುತ್ತಿದ್ದ' ಎಂಬಲ್ಲಿಗೆ ಬಂದು ನಿಂತುಬಿಟ್ಟೆ. ಎದುರಿನ ಮೇಜಿನಲ್ಲಿ ವಿನೀತಾ ರೊಟ್ಟಿ ಸುರುಳಿ ತಿನ್ನುತ್ತ, "ಅವತ್ತು ಬೆಳಿಗ್ಗೆ ಅವನ ಬೆನ್ನು ನೋಡಿದೋರು ಒಬ್ಬರು ಸಿಕ್ಕಿದ್ರೆ ಸಾಕಿತ್ತು ಆಂಟಿ. ಇದನ್ನ ಅಲ್ಲೇ ಹರಿದು ಹಾಕ್ತಿದ್ದೆ" ಎಂದಳು. ನಾನು ಎದ್ದು ಹೋಗಿ ಕೈ ತೊಳೆದುಕೊಂಡು ಬಂದೆ. ಹಾಗೆ ಎರಡು ವಾರ ಕಳೆದೆ.

ಮೊನ್ನೆ ಶುಕ್ರವಾರ ಅವಳಿಗೆ ಎಲ್ಲ ಹೇಳಿದೆ. ನನ್ನ ಮಗಳ ವಯಸ್ಸಿನವಳು, ನನ್ನನ್ನು ನೋಡಿ ಕೆಲಸ ಕಲಿಯುತ್ತಿದ್ದವಳು.

"ಎಂಟು ತಿಂಗಳು ಇದನ್ನ ಇಟ್ಕೊಂಡು ಹೇಗೆ ಊಟ ಮಾಡಿದ್ರಿ ಆಂಟಿ?"

"ಮಾಡಿದೆನಮ್ಮ. ಅದೇ ನನಗೂ ತಿಳಿಯದ್ದು."

"ನಿಮಗೆ ಕೆಲಸ ಹೋಗುತ್ತೆ. ಕಟಕಟೆಯಲ್ಲಿ ನಿಲ್ಲಿಸಿ ಚಿಂದಿ ಮಾಡ್ತಾರೆ."

"ಕೇಸಿಗೆ?"

"ಕೇಸಿಗೆ ಒಬ್ಬ ಸಾಕ್ಷಿ ಸಿಕ್ಕಿದ್ರು. ಸುಳ್ಳು ಹೇಳಿದ ಸಾಕ್ಷಿ. ಆದ್ರೂ ಸಾಕ್ಷಿ" ಎಂದು, ನೂರು ರಾತ್ರಿಯ ಆ ಚೆಂದದ ವಾದದ ಹಾಳೆಗಳನ್ನು ಅಡ್ಡಕ್ಕೆ ಹರಿದು ಬುಟ್ಟಿಗೆ ಹಾಕಿದಳು. ಅವಳಿಗೆ ಅದರ ಮೇಲೆ ಎಷ್ಟು ಪ್ರೀತಿಯಿತ್ತೆಂದು ನನಗೆ ಗೊತ್ತು. ಆ ಸಂಜೆ ಅವಳು ನನಗೆ ಹೋಗಿಬರ್ತೀನಿ ಎಂದು ಹೇಳದೆ ಹೋದಳು.

ಇದರ ಜೊತೆ ನೀಲಿ ಲಕೋಟೆಯಲ್ಲಿ ಎರಡು ಕಾಗದ ಇವೆ. ಒಂದು ನನ್ನ ಪ್ರಮಾಣಪತ್ರ, ನಿನ್ನೆಯೇ ಪ್ರಮಾಣ ಮಾಡಿ ಸಹಿ ಹಾಕಿದ್ದರ ನಕಲು. ನಾನು ಮನೆಯಲ್ಲಿದ್ದೆ, ಅವನ ಬೆನ್ನು ನನ್ನ ಕೈಯಾರೆ ತಿಕ್ಕಿದೆ, ಒಂದು ಗೀರೂ ಇರಲಿಲ್ಲ, ನೆಟ್ಟಗೆ ನಡೆದು ಜೀಪು ಹತ್ತಿದ, ಇದನ್ನು ನಾನು ಮುಚ್ಚಿಟ್ಟೆ. ಇನ್ನೊಂದು ನಿನ್ನದು, ಸಹಿಯಾಗಬೇಕಾದದ್ದು. ಅದರಲ್ಲಿ ಆರು ಸಾಲಿದೆ. ನಾಲ್ಕನೆಯದು ಹೀಗಿದೆ: 'ಅರವತ್ತು ದಿನದ ಗಡುವು ನನಗೆ ತಿಳಿದಿರಲಿಲ್ಲ. ತಿಳಿದಿದ್ದ ನನ್ನ ತಂಗಿ ಸಲಸೇನಿ ಅದನ್ನು ನನ್ನಿಂದ ಬಚ್ಚಿಟ್ಟಳು.' ನ್ಯಾಯಾಧೀಶರು ಒಪ್ಪುವಂಥ ಕಾರಣ ಇದೊಂದೇ ಎಂದು ವಿನೀತಾ ಹೇಳುತ್ತಾಳೆ.

ನಿನ್ನನ್ನು ನಾನು ಬಲ್ಲೆ. ಕೋಪ ಬಂದರೆ ನನ್ನ ಜುಟ್ಟು ಹಿಡಿದು ಬಡಿಯುತ್ತೀಯ, ಆದರೆ ಹೊರಗಿನವರ ಮುಂದೆ ತಂಗಿಯ ಮಾನ ತೆಗೆಯುವುದಿಲ್ಲ. ಪೆನ್ನು ತೆಗೆದು ಆ ನಾಲ್ಕನೆಯ ಸಾಲು ಹೊಡೆದುಹಾಕುತ್ತೀಯ. ಬೇಡ ಅಕ್ಕಾ. ಹೊಡೆದರೆ ಕಿತಿಯೋನೆ ಹೋದ. ಸಾಕಿಯುಸನಿಗೆ ಇಲ್ಲವೆನ್ನಲು ನಾಚಿಕೊಂಡು ನಾನು ಮಾಡಿದ್ದನ್ನೇ ನೀನು ನನಗಾಗಿ ಮಾಡಬೇಡ. ಯಾರಾದರೂ ನನ್ನ ಪರವಾಗಿ ಕ್ಷಮೆ ಕೇಳಲು ನಿನ್ನ ಬಾಗಿಲಿಗೆ ಬಂದರೆ ಅವರನ್ನೂ ಹಾಗೇ ಕಳಿಸು. ನಾನು ಯಾರನ್ನೂ ಕಳಿಸಿಲ್ಲ.

ಇದು ಗೆಲ್ಲುತ್ತದೆಂದು ಮಾತು ಕೊಡಲಾರೆ. ಇಷ್ಟು ವರ್ಷ ಹಳ್ಳಿ ಹಳ್ಳಿಗೆ ಹೋಗಿ ಕಾಯ್ದೆ ಇದೆ, ಒಪ್ಪಂದ ಇದೆ, ಪ್ರಪಂಚವೇ ನಿಮ್ಮ ಬೆನ್ನಿಗಿದೆ ಎಂದು ಹೇಳಿ ಬಂದವಳು. ಸುಳ್ಳಲ್ಲ, ಎಲ್ಲ ಇದೆ. ಆದರೆ ಅದೆಲ್ಲ ಶುರುವಾಗುವುದಕ್ಕೆ, ಮನೆಯಲ್ಲಿದ್ದ ಒಬ್ಬರು ಬಾಯಿ ಬಿಡಬೇಕು. ಆ ಒಂದನ್ನು ನಾನು ಮಾಡಲಿಲ್ಲ.

ಸಹಿ ಹಾಕಿ ಮುಂದಿನ ಹಡಗಿನಲ್ಲಿ ಕಳಿಸು, ಏಪ್ರಿಲ್ ಹದಿನಾಲ್ಕರಂದು ನೀನೂ ಬಾ. ನಮ್ಮ ಮನೆಯಲ್ಲಿ ಇಳಿದುಕೊಳ್ಳಲು ಮನಸ್ಸು ಬರದಿದ್ದರೆ ಲಾಮಿಯ ಮೆರಿಸಿಯಾನಿ ಅತ್ತೆಗೆ ಹೇಳಿಟ್ಟಿದ್ದೇನೆ, ಬಂದರಿಗೆ ಅವರ ಮಗ ಬರುತ್ತಾನೆ. ಕೋರ್ಟಿನಲ್ಲಿ ನಿನ್ನ ಪಕ್ಕದಲ್ಲಿ ನಾನು ಕೂರುವುದಿಲ್ಲ, ನಿನಗೆ ಬೇಡವಾದರೆ ಎದುರಿಗೂ ಬರುವುದಿಲ್ಲ. ಕೆಮ್ಮಿನ ಔಷಧಿ, ನಿನ್ನ ಕನ್ನಡಕಕ್ಕೆ ಹೊಸ ದಾರ ಕಳಿಸಿದ್ದೇನೆ. ಅದನ್ನು ಕೋಪದಲ್ಲಿ ಸಮುದ್ರಕ್ಕೆ ಎಸೆಯಬೇಡ, ಔಷಧಿ ಒಳ್ಳೆಯದು.

ಇನ್ನೂ ನಿನ್ನನ್ನು ಅಕ್ಕ ಎಂದು ಕರೆಯುವ ಹಕ್ಕು ಉಳಿದಿದ್ದರೆ,
ನಿನ್ನ ತಂಗಿ,
ಸಲಸೇನಿ

ತಾ.ಕ.: ಪ್ರಮಾಣಪತ್ರದಲ್ಲಿ ಒಂದು ಮಾತು ಇಲ್ಲ. ವಿನೀತಾ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಟಕಟೆಯಲ್ಲಿ ಯಾರಾದರೂ ಕೇಳಿದರೆ ಹೇಳುತ್ತೇನೆ, ಆದರೆ ಬೇರೆಯವರಿಗಿಂತ ಮೊದಲು ನಿನಗೆ ಗೊತ್ತಿರಬೇಕು. ಅವನು ಸುಮ್ಮನೆ ಹೋಗಲಿಲ್ಲ ಅಕ್ಕಾ. ಸಾಕಿಯುಸ ಹೊರಗೆ ಬೂಟು ಹಾಕಿಕೊಳ್ಳುತ್ತಿದ್ದಾಗ ಅಡುಗೆಮನೆಗೆ ಬಂದು, ತಗ್ಗಿದ ದನಿಯಲ್ಲಿ ನನ್ನನ್ನು ಕೇಳಿದ. "ಚಿಕ್ಕಮ್ಮಾ, ನಿಮಗೆ ಕಾಯ್ದೆ ಗೊತ್ತಲ್ಲ. ನಾನು ಹೋಗ್ಲೇಬೇಕಾ?" ಬೇಕಿಲ್ಲ ಎಂದು ನನಗೆ ಗೊತ್ತಿತ್ತು. "ಹೋಗಿ ಬಾ" ಎಂದೆ.